ಸದ್ದಿನ ಕಡೆಗೆ ಓಡುತ್ತಿದ್ದವರು

ಆಗೆಲ್ಲ ನಮ್ಮ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳ ಲೈನು ಮನೆಗಳಲ್ಲಿ ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ಗಣಿಯೊಳಗೆ ಬಂಡೆ ಸಿಡಿದರೆ ನಮ್ಮ ಗೂಡಿನ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಮರುಗಳಿಗೆಯೇ ಗಂಡಸರೆಲ್ಲ ಗಣಿಬಾಯಿಯ ಕಡೆಗೆ ಓಟ. ಒಲೆಯ ಮೇಲೆ ಹುಳಿ ಸೀದು ವಾಸನೆ ಬಂದರೂ ಹೆಂಗಸರು ಅವರ ಹಿಂದೆಯೇ. ಗೋಲಿ ಆಟ ಬಿಟ್ಟು ಎದ್ದ ನಾನು ಒಮ್ಮೆ ಕೇಳಿದ್ದೆ, ನಮ್ಮವರು ಯಾರೂ ಒಳಗಿಲ್ಲವಲ್ಲಪ್ಪ, ನಾವ್ಯಾಕೆ ಓಡಬೇಕು ಅಂತ.

"ಕೆಳಗಿರೋರೆಲ್ಲ ನಮ್ಮೋರೇ ಕಣ್ಲಾ," ಅಂದಿದ್ದ ಅಪ್ಪ.

ಗಣಿ ಮುಚ್ಚಿದ ಮೇಲೆ ಅಪ್ಪ ದಿನಾ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯತೊಡಗಿದ. ಆ ಬೇಸಿಗೆ ರಜೆಯಲ್ಲಿ ನನ್ನ ಸಂಜೆಗಳೆಲ್ಲ ಅವನು ತರುವ ಮಸಾಲೆವಡೆಯ ಎಣ್ಣೆಪೊಟ್ಟಣಕ್ಕೆ ಕಾಯುವುದರಲ್ಲೇ ಕಳೆದವು. ಒಂದು ಸಂಜೆ ಪೊಟ್ಟಣ ಬರಲಿಲ್ಲ. ಬಲಗೈಗೆ ಬ್ಯಾಂಡೇಜು ಸುತ್ತಿದ್ದ ಅಪ್ಪನನ್ನು ರೈಲಿನ ಗೆಳೆಯರು ಹಿಡಿದುಕೊಂಡು ಬಂದರು.

ಅಪಾರ್ಟ್‌ಮೆಂಟಿನ ಪಕ್ಕದ ಗುಡಿಸಲುಗಳನ್ನು ಎಬ್ಬಿಸಲು ಯಾರೋ ಗೂಂಡಾಗಳನ್ನು ಕಳಿಸಿದ್ದರಂತೆ. ಗೋಡೆಯೊಂದು ಧಡಾರನೆ ಬಿತ್ತು. ಮೇಲಿನ ಮನೆಗಳ ಕಿಟಕಿಗಳು ಮುಚ್ಚಿಕೊಂಡವು. ಅಪ್ಪ ಗೇಟು ಬಿಟ್ಟು ಓಡಿದ. ಗೋಡೆಯಡಿ ಸಿಕ್ಕ ಹೆಂಗಸನ್ನು ಎಳೆಯುತ್ತಿದ್ದವನ ಕೈಗೆ ಗೂಂಡಾಗಳು ರಾಡಿನಿಂದ ಹೊಡೆದರು. ಗೇಟು ಬಿಟ್ಟನೆಂದು ಅಪಾರ್ಟ್‌ಮೆಂಟಿನವರು ಕೆಲಸದಿಂದಲೂ ತೆಗೆದರು.

ಊರವರ ಗಲಾಟೆ ನಿನಗ್ಯಾಕೆ ಬೇಕಿತ್ತು ಎಂದು ಅಮ್ಮ ಅತ್ತಳು. ಅಪ್ಪನಿಗೆ ಕೈಗಿಂತ ಬೇರೆಯದೇ ನೋವು. "ಅಷ್ಟು ಜನ ಇದ್ರಲ್ಲೇ, ಒಬ್ರೂ ಬರ್ಲಿಲ್ಲ," ಅನ್ನುತ್ತಿದ್ದ. ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದ. ಗಣಿಯಲ್ಲಿ ಮರದ ದಿಮ್ಮಿ ಎತ್ತಿ ನಿಲ್ಲಿಸುತ್ತಿದ್ದ ಆ ಕೈಗೆ ಮತ್ತೆ ಮುದ್ದೆ ಮುರಿಯಲೂ ಆಗಲಿಲ್ಲ.

ಈಗ ನಾವು ಬಂಗಾರಪೇಟೆಯಲ್ಲಿ, ಮೂರಂತಸ್ತಿನ ಕಟ್ಟಡವೊಂದರಲ್ಲಿದ್ದೇವೆ. ಇಲ್ಲೂ ಸಂದುಗೊಂದಿಯಲ್ಲೆಲ್ಲ ಹೊಸ ಮನೆಗಳು ಏಳುತ್ತಿವೆ. ಮೊನ್ನೆ ಮುಸ್ಸಂಜೆ ಕೆಳಗೆ ರಸ್ತೆಯಲ್ಲಿ ಹೊಡೆದಾಟದ ಸದ್ದು, ಯಾರೋ ಅಯ್ಯೋ ಎಂದು ಕೂಗಿದರು. ಅಪ್ಪ ಕುರ್ಚಿಯಿಂದ ಅರ್ಧ ಎದ್ದ. ಅವನ ಜೊತೆ ಹೋಗಲು ನಾನೂ ಎದ್ದೆ. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಸಂತೋಷವೇ ಆಯಿತು.

ಅಪ್ಪ ಮೆಲ್ಲಗೆ ಮತ್ತೆ ಕೂತ. ಎಡಗೈಯಿಂದ ನನ್ನ ಅಂಗಿ ಹಿಡಿದು ಎಳೆದ.

"ಬ್ಯಾಡ ಕಣ್ಲಾ. ಬಾಗ್ಲಾಕು."

ಅಂದು ಅವನ ಕೈ ಮುರಿದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ನಾನು ಬಾಗಿಲ ಬಳಿ ಹೋದೆ. ಎದುರು ಮನೆಯವರು ಆಗಲೇ ಚಿಲಕ ಹಾಕಿಕೊಂಡಿದ್ದರು.