ಗಾಡಿಗೆ ತಂದ ಆರತಿ

ಇವತ್ತು ಮುಂಜಾನೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದೆ. ದೇವರ ಕೋಣೆಯಿಂದ ಕರ್ಪೂರದ ವಾಸನೆ ಬಂತು. ನಿಮಗಾದರೆ ಕೈ ತಾನಾಗಿ ಮುಗಿಯುತ್ತಿತ್ತೇನೋ. ನನ್ನ ಕಣ್ಣು ಮೊದಲು ನೀರಿನ ಕೊಡ ಎಲ್ಲಿದೆ ಎಂದು ಹುಡುಕಿತು. ನಗಬೇಡಿ. ಭಕ್ತಿಗೆ ನನ್ನಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಧೈರ್ಯಕ್ಕೆ. ಇದು ಹೆಂಡತಿಗೂ ಗೊತ್ತು. ನಾನು ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ ಅವಳು ಆರತಿ ತಟ್ಟೆಯನ್ನು ಆ ಕೋಣೆಯ ಹೊಸ್ತಿಲು ದಾಟಿಸುವುದಿಲ್ಲ.

ನಾನು ಡೀಸೆಲ್ ಗಾಡಿಯ ಡ್ರೈವರ್. ಸಣ್ಣ ಲಾರಿ, ಬೆನ್ನಿನ ಮೇಲೆ ಟ್ಯಾಂಕು, ಪಕ್ಕದಲ್ಲಿ ಸುತ್ತಿಟ್ಟ ಪೈಪು. ಜೆಸಿಬಿಯೋ ಕಬ್ಬು ಕಡಿಯುವ ಯಂತ್ರವೋ ಎಲ್ಲಿ ನಿಂತಿದೆಯೋ ಅಲ್ಲಿಗೇ ಹೋಗಿ ಎಣ್ಣೆ ತುಂಬಿಸಿ ಬರುವುದು. ಒಂದು ದಿನ ಸಿಂದಗಿ, ಮರುದಿನ ಮುದ್ದೇಬಿಹಾಳ. ಮೊದಲು ಇಂಡಿಯಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದೆ. ಶಾಲೆಯವರು ದೊಡ್ಡ ಬಸ್ಸು ತಂದರು, ಬಸ್ಸಿನ ಜೊತೆ ಅದರ ಡ್ರೈವರನೂ ಬಂದ, ನಾನು ಮನೆ ಹಿಡಿದೆ. ಕೊನೆಗೆ ಸಿಕ್ಕಿದ್ದು ಈ ಕೆಲಸ.

ಚಿಕ್ಕವನಿದ್ದಾಗ ನಮ್ಮ ಮೇವಿನ ಬಣವೆ ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡವನು ನಾನು. ಅಂದಿನಿಂದ ಬೆಂಕಿ ಎಂದರೆ ಅಂಜಿಕೆ. ಅಂಥವನಿಗೆ ಎಣ್ಣೆ ಗಾಡಿ. ಮೊದಲ ದಿನ ಬುತ್ತಿ ಕಟ್ಟುತ್ತ ಹೆಂಡತಿ ಅಂದಳು, "ಒಂದ ರೊಟ್ಟಿ ಕಡಿಮಿ ತಿಂದ್ರ ನಡೀತೈತ್ರಿ. ಅಂಜಿಕೋತ ಮಾಡೂ ಕೆಲಸ ಬ್ಯಾಡ."

"ಇವತ್ತೊಂದಿನ ನೋಡ್ತೇನಿ. ಅಂಜಿಕಿ ಹೋಗಲಿಲ್ಲಂದ್ರ ಸಂಜೀಗೆ ಚಾವಿ ಕೊಟ್ಟು ಬರ್ತೇನಿ," ಎಂದೆ.

ಚಡಚಣದ ರಸ್ತೆ ಹಿಡಿದೆ. ಸೈಕಲ್ಲಿನ ಮುದುಕನೊಬ್ಬ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದ. ವ್ಯಾನಿನ ಚಟ ಬಿಡದೆ ಮತ್ತೆ ಮತ್ತೆ ಒಳಗನ್ನಡಿ ನೋಡುತ್ತಿದ್ದೆ. ಅಲ್ಲಿ ಮಕ್ಕಳಿಲ್ಲ, ಬರೀ ಟ್ಯಾಂಕಿನ ಮೋರೆ. ಮಕ್ಕಳು ಗಲಾಟೆ ಮಾಡಿದರೆ ಗದರಿಸಬಹುದಿತ್ತು. ಈ ಡೀಸೆಲ್ಲು ಸುಮ್ಮನೆ ಕೂತಿತ್ತು, ಅದೇ ನನಗೆ ಆಗಿಬರಲಿಲ್ಲ.

ಹೊಲದಲ್ಲಿ ಕಬ್ಬು ಕಡಿಯುವ ಯಂತ್ರ ಎಣ್ಣೆ ಮುಗಿದು ನಿಂತಿತ್ತು. ಅದನ್ನು ನಡೆಸುವ ಹುಸೇನಸಾಬ ಕೈಬೀಸಿ ಕರೆದ. ರಸ್ತೆಯಿಂದ ಪೈಪು ಮುಟ್ಟಲಿಲ್ಲವೆಂದು ಗಾಡಿಯನ್ನು ಹೊಲಕ್ಕೇ ಇಳಿಸಿದೆ. ಚಕ್ರದ ಕೆಳಗೆಲ್ಲ ರವದಿ, ಅಂದರೆ ಕಬ್ಬಿನ ಒಣಗಿದ ಎಲೆ, ಮೊಣಕಾಲುದ್ದ ಬಿದ್ದಿತ್ತು. ಅದನ್ನು ನೋಡಿಯೂ ಇಳಿಸಿದ ನನ್ನ ಬುದ್ಧಿಗೆ ಏನೆನ್ನಬೇಕೋ ನೀವೇ ಹೇಳಿ.

ಪೈಪಿನ ಮೂತಿ ಯಂತ್ರದೊಳಗಿಟ್ಟು ಎಣ್ಣೆ ಬಿಟ್ಟಿದ್ದೆ ಅಷ್ಟೇ. ಯಂತ್ರದ ಹಿಂದಿನಿಂದ ಹೊಲದ ಯಜಮಾನಿ ನೀಲವ್ವ ಬಂದಳು. ತಲೆ ಮೇಲೆ ಸೆರಗು, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಉರಿಯುವ ಕರ್ಪೂರದ ತಟ್ಟೆ. ಹೊಸ ಗಾಡಿ ಮೊದಲ ಸಲ ಬಂದರೆ ಚಕ್ರಕ್ಕೆ ನೀರು ಹಾಕಿ ಆರತಿ ಬೆಳಗುವುದು ನಮ್ಮ ಕಡೆಯ ಪದ್ಧತಿ. ಗಾಡಿಯ ಹೊಟ್ಟೆಯಲ್ಲಿ ಏನಿದೆ ಎಂದು ಪದ್ಧತಿ ಕೇಳುವುದಿಲ್ಲ.

"ಏ ಮುದುಕಿ, ಅಲ್ಲೇ ನಿಂದ್ರು," ಎಂದು ಕಿರುಚಿದೆ.

ಅವಳು ಬೆಚ್ಚಿಬಿದ್ದಳು. ತಟ್ಟೆ ವಾಲಿತು, ಕರ್ಪೂರ ಜಾರಿ ರವದಿಗೆ ಬಿತ್ತು, ಚರ್ ಎಂದು ಉರಿ ಎದ್ದಿತು. ನನ್ನ ಕಾಲು ಕಿತ್ತು ಬರಲೊಲ್ಲದು. ಹುಸೇನಸಾಬ ಎಣ್ಣೆ ಬಂದ್ ಮಾಡಿ, ಪೈಪು ಎಳೆದು ಗಾಡಿಯ ಮೇಲೆ ಒಗೆದ. "ನೋಡ್ಕೋತ ಏನ ನಿಂತೀಪಾ, ಗಾಡಿ ಹೊಡಿ," ಎಂದು ಬೆನ್ನಿಗೆ ಗುದ್ದಿದ. ಚಾವಿ ತೂತಿಗೆ ಸಿಗಲೊಲ್ಲದು. ಸಿಕ್ಕ ಮೇಲೆ ಹೇಗೆ ಹೊಡೆದೆನೋ, ದೂರದ ಡಾಂಬರು ರಸ್ತೆಗೆ ಬಂದು ನಿಂತಾಗಲೇ ಉಸಿರು ಬಿಟ್ಟಿದ್ದು. ಇಳಿದು ತಿರುಗಿ ನೋಡಿದೆ. ನೀಲವ್ವ ಚಕ್ರಕ್ಕೆ ತಂದ ನೀರನ್ನು ಉರಿಗೆ ಸುರುವಿ, ಉಳಿದ ಕಿಡಿಗಳನ್ನು ಚಪ್ಪಲಿಯಿಂದ ತುಳಿಯುತ್ತಿದ್ದಳು. ಹುಸೇನಸಾಬ ಮಣ್ಣು ಎರಚುತ್ತಿದ್ದ. ಉರಿ ಆರಿತು.

ಅವಳು ಕೈಮಾಡಿ ಕರೆದಳು. ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಹಿರಿಯಳನ್ನು ಹಾಗೆ ಗದರಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

"ತಪ್ಪಾತ್ರಿ ಯವ್ವಾ. ನನಗ ಬೆಂಕಿ ಅಂದ್ರ ಭಾಳ ಅಂಜಿಕಿ. ಈ ಕೆಲಸ ನನಗ ಆಗೂದಲ್ಲ ಬಿಡ್ರಿ."

"ಅಂಜಿದ್ದಕ್ಕಽ ಒದರಿದಿ. ಅಂಜದಾಂವ ಇದ್ರ ಬೀಡಿ ಸೇದ್ಕೋತ ನಿಂತಿರ್ತಿದ್ದ. ಹೋಗು, ಬಾವಿ ಕಡೆ ಹೋಗಿ ಕೈ ತೊಳಕೊಂಡ ಬಾ."

ಯಾಕೆ ಎಂದು ತಿಳಿಯದೆ ತೊಳೆದುಕೊಂಡು ಬಂದೆ. ಬಾವಿಯ ಕಲ್ಲುಹಾಸಿನ ಮೇಲೆ ಅವಳು ಹೊಸ ಕರ್ಪೂರ ಹಚ್ಚಿದ್ದಳು.

"ಮೊದಲ ಸಲ ಬಂದೀದಿ, ಬರೇ ಹಣೀಲೆ ಹೆಂಗ ಕಳಸ್ಲಿ? ಗಾಡಿ ಅಲ್ಲೇ ಇರ್ಲಿ. ನಿನಗ ಬೆಳಗತೇನಿ."

ಮದುವೆಯ ದಿನ ಬಿಟ್ಟರೆ ನನಗೆ ಯಾರೂ ಆರತಿ ಬೆಳಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಹೊಗೆಯ ನೆಪ ಹೇಳಿದೆ. ಸಂಜೆ ಅವಳು ಹಣೆಗೆ ಹಚ್ಚಿದ ಕುಂಕುಮ ಹಾಗೇ ಇಟ್ಟುಕೊಂಡು ಮಾಲೀಕರ ಮುಂದೆ ನಿಂತೆ. ಚಾವಿ ಕೈಯಲ್ಲೇ ಇತ್ತು. "ನಾಳೆ ಎಲ್ಲಿಗ್ರಿ?" ಎಂದು ಕೇಳಿದೆ. ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಮರುದಿನದ ಬುತ್ತಿಗೆ ಹಿಟ್ಟು ಅಳೆದಿಟ್ಟಳು.

ಇವತ್ತು ಕಬ್ಬಿನ ಹಂಗಾಮು ಮತ್ತೆ ಶುರು. ಮೊದಲ ಎಣ್ಣೆ ನೀಲವ್ವನ ಹೊಲಕ್ಕೇ. ಮುಖ ಒರೆಸಿಕೊಂಡು ತಿರುಗಿದರೆ, ಹೆಂಡತಿ ತಟ್ಟೆ ಹಿಡಿದು ಅಂಗಳಕ್ಕೇ ಬಂದಿದ್ದಳು. ನಾನು ಹಿಂದೆ ಸರಿದೆ.

"ಗಾಡಿ ಊರ ಹೊರಗ ನಿಂತೈತಿ. ನೀಲವ್ವ ಬೆಳಗಬೌದು, ನಾ ಬೆಳಗಬಾರದೇನ್ರಿ?"

ನಿಂತೆ. ಅವಳು ತಟ್ಟೆಯನ್ನು ತನ್ನ ಸೆರಗಿನಿಂದ ಆದಷ್ಟು ದೂರ ಚಾಚಿ ಹಿಡಿದಿದ್ದಳು. ಇಷ್ಟು ದಿನ ಅಂಜಿಕೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಅವಳ ಇನ್ನೊಂದು ಕೈಯಲ್ಲಿ ತುಂಬಿದ ನೀರಿನ ತಂಬಿಗೆ ಇತ್ತು.