ತಿರುಪ್ಪೂರಿನಿಂದ ಬರುತ್ತಿದ್ದವಳು

ಗಂಡ ತೀರಿಕೊಂಡ ಮೇಲೆ ಶನಿವಾರಸಂತೆ ಕಡೆಯಿಂದ ಬಂದ ವಿಶಾಲಾಕ್ಷಮ್ಮ, ಮಡಿಕೇರಿ ಹತ್ತಿರದ ಆ ರೆಸಾರ್ಟಿಗೆ ಸೇರಿದ್ದು ರಿಸೆಪ್ಷನ್ನಿನಲ್ಲಿ ಬೀಗದ ಕೈ ಕೊಡುವ ಕೆಲಸಕ್ಕೆ. ಬಂದವರ ಮುಖ ನೋಡಿಯೇ ಯಾರು ತಕರಾರು ತೆಗೆಯುವವರು, ಯಾರು ನಿದ್ದೆಗೆಂದೇ ಬಂದವರು ಎಂದು ಹೇಳಬಲ್ಲವರು. ಅದನ್ನು ಕಂಡ ಮಾಲೀಕ ಕೀರ್ತಿಕುಮಾರ್, ವಿಶಾಲಾಕ್ಷಮ್ಮನನ್ನೇ ಮ್ಯಾನೇಜರ್ ಮಾಡಿದ. ಅದರ ಜೊತೆಗೆ ವೆಬ್‌ಸೈಟಿಗೆ ಎಷ್ಟು ಜನ ಬಂದರೆಂಬ ತಿಂಗಳ ರಿಪೋರ್ಟೂ ಅವರ ಹೆಗಲಿಗೆ ಬಿತ್ತು.

ಮೊದಲ ರಿಪೋರ್ಟಿನಲ್ಲಿ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಸೈಟು ನೋಡಿಕೊಳ್ಳುತ್ತಿದ್ದ ಮಿಲನ್‌ನ ಅಂಗಡಿಗೆ ಹೋಗಿ ಕೂತರು.

"ಅಲ್ಲ ಮಿಲನ್, ಯೂಸರ್ ಅಂದ್ರೂ ಜನವೇ, ಸೆಷನ್ ಅಂದ್ರೂ ಜನವೇ. ಎರಡ್ಯಾಕೆ?"

"ಒಬ್ರು ಬೆಳಿಗ್ಗೆ ಬಂದು ನೋಡ್ಕೊಂಡು ಹೋದ್ರು, ಸಂಜೆ ಮತ್ತೆ ಬಂದ್ರು ಅನ್ನಿ ಮೇಡಂ. ಯೂಸರ್ ಒಬ್ರೇ, ಸೆಷನ್ ಎರಡು. ಗೇಟ್ ಒಳಗೆ ಕಾಲಿಟ್ಟು, ಬೇಡ ಅಂತ ಹಾಗೇ ತಿರುಗಿದ್ರೆ ಅದು ಬೌನ್ಸ್."

ಗೇಟು ಎಂದೊಡನೆ ಅವರಿಗೆ ಎಲ್ಲವೂ ಹಿಡಿತಕ್ಕೆ ಬಂತು. ಆಮೇಲೆ ಆ ಅಂಕಿಗಳ ಹಿಂದೆ ಬಂದುಹೋಗುವ ಜನರೇ ಅವರಿಗೆ ಕಾಣತೊಡಗಿದರು.

ಸೈಟಿನಲ್ಲಿ 'ನಮ್ಮ ಬಳಗ' ಎಂಬ ಪುಟವಿತ್ತು. ಅದರಲ್ಲಿ ನೆಲ್ಯಹುದಿಕೇರಿಯ ಪಾಪಕ್ಕ ರೆಸಾರ್ಟಿನ ಹಸಿರು ಸೀರೆ ಉಟ್ಟು, ಸೌಟು ಹಿಡಿದು, ಹಲ್ಲು ಕಾಣುವಂತೆ ನಗುತ್ತಿದ್ದಳು. ಕೆಳಗೆ 'ನಮ್ಮ ಮುಖ್ಯ ಅಡುಗೆಯವರು' ಎಂದು ಬರೆದಿತ್ತು.

ಈಜುಕೊಳಕ್ಕೆಂದು ಗುಡ್ಡ ಕಡಿಸಿದ ಜಾಗದ ಕೆಳಗೇ ಕೆಲಸದವರ ಲೈನ್ ಮನೆಗಳಿದ್ದವು. ಆಗಸ್ಟಿನ ಒಂದು ಮಧ್ಯಾಹ್ನ ಊಟ ಬಡಿಸಿ ಮುಗಿಸಿದ ಪಾಪಕ್ಕ, ಬೆನ್ನು ನೆಟ್ಟಗೆ ಮಾಡಿಕೊಂಡು ಬರುತ್ತೇನೆಂದು ಲೈನ್ ಮನೆಗೆ ಹೋದಳು. ಗುಡ್ಡ ಅವಳ ಮನೆಯ ಮೇಲೆಯೇ ಕುಸಿಯಿತು. ಹೆಣ ಸಿಕ್ಕಿತು. ಮನೆಯೊಳಗಿನ ಒಂದು ಸಾಮಾನೂ ಸಿಗಲಿಲ್ಲ. ತಿರುಪ್ಪೂರಿನ ಗಾರ್ಮೆಂಟ್ಸಿನಲ್ಲಿದ್ದ ಮಗಳು ಸೆಲ್ವಿ ಬಂದು, ಮಣ್ಣು ಮಾಡಿ, ರಜೆ ಸಿಗದೆ ವಾಪಸಾದಳು.

ಮುಂದಿನ ರಿಪೋರ್ಟಿನಲ್ಲಿ ಯೂಸರ್‌ಗಳ ಸಂಖ್ಯೆ ಎಂದೂ ಇಲ್ಲದಷ್ಟು ಏರಿತ್ತು. ಕುಸಿದ ಗುಡ್ಡದ ಸುದ್ದಿ ಓದಿ ರೆಸಾರ್ಟಿನ ಹೆಸರು ಹುಡುಕಿದವರು, ಬಹುತೇಕ ಬೌನ್ಸ್. 'ನಮ್ಮ ಬಳಗ'ದ ಲೆಕ್ಕ ಮಾತ್ರ ಬೇರೆ.

"ತಿರುಪ್ಪೂರಿಂದ ಒಬ್ಬರೇ ಯೂಸರ್, ದಿನಾ ಬರ್ತಾರೆ" ಎಂದ ಮಿಲನ್. "ಬೇರೆ ಪೇಜ್ ಮುಟ್ಟಲ್ಲ. ಇಷ್ಟು ಹೊತ್ತು ನಮ್ಮ ಸೈಟಲ್ಲಿ ಯಾರೂ ನಿಂತಿಲ್ಲ ಮೇಡಂ."

ಯಾರೆಂದು ವಿಶಾಲಾಕ್ಷಮ್ಮನಿಗೆ ಗೊತ್ತಾಗಿತ್ತು.

ಕೀರ್ತಿಕುಮಾರ್ ರಿಪೋರ್ಟನ್ನು ಪೂರ್ತಿ ನೋಡಲೂ ಇಲ್ಲ. "ಆ ಸ್ಟಾಫ್ ಪೇಜ್ ಇವತ್ತೇ ತೆಗೆಸಿ. ಪರಿಹಾರ ಕೇಳಿ ಬಂದ ನೋಟಿಸಿಗೆ, ಆ ಹೆಂಗಸು ಕಾಂಟ್ರಾಕ್ಟ್‌ನವಳು, ನಮ್ಮ ಸ್ಟಾಫ್ ಅಲ್ಲ ಅಂತ ವಕೀಲರು ಉತ್ತರ ಕೊಟ್ಟಾಗಿದೆ."

"ಸರ್, ಅವಳ ಮಗಳು ಅದನ್ನ..."

"ನಿಮಗೆ ಕೆಲಸ ಬೇಕಾ, ಬೇಡ್ವಾ?"

ಈ ವಯಸ್ಸಿನಲ್ಲಿ ಬೇರೆಲ್ಲಿಗೆ ಹೋಗುವುದು? ಅವರು ಮಿಲನ್‌ಗೆ ಫೋನ್ ಮಾಡಿ "ತೆಗೆದುಬಿಡಪ್ಪ" ಎಂದರು.

ಮರುದಿನವೇ ಸೆಲ್ವಿಯ ಫೋನ್ ಬಂತು. ಹಿಂದೆ ಮಿಷನ್ನುಗಳ ಸದ್ದು.

"ಅಕ್ಕಾ, ಅಮ್ಮಂದು ಫೋಟೋ ಓಪನ್ ಆಗ್ತಾ ಇಲ್ಲ. ಇಲ್ಲಿ ನೆಟ್ಟು ಸರಿ ಇಲ್ವಾ, ಅಲ್ಲೇ ಏನಾದ್ರೂ ಆಯ್ತಾ? ನನ್ನ ಹತ್ರ ಬೇರೆ ಫೋಟೋ ಇಲ್ಲ ಅಕ್ಕಾ."

"ಸೈಟು ರಿಪೇರಿಲಿದೆ ಸೆಲ್ವಿ" ಎಂದುಬಿಟ್ಟರು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಹೇಸಿಗೆಯಾಯಿತು.

ಫೋನಿಟ್ಟವರು ಬಸ್ಸು ಹಿಡಿದು ನೇರ ಮಿಲನ್‌ನ ಅಂಗಡಿಗೆ ಹೋದರು. ಅಳಿಸಿದ ಪುಟದ ಹಳೆಯ ಪ್ರತಿ ಅವನ ಬಳಿ ಇತ್ತು. "ಸಾರ್‌ಗೆ ಗೊತ್ತಾದ್ರೆ ನನ್ನ ಕಾಂಟ್ರಾಕ್ಟೂ ಹೋಗುತ್ತೆ ಮೇಡಂ" ಎಂದ. "ನನ್ನ ಹೆಸರು ಹೇಳು" ಎಂದರು. ಪುಟ ಇದ್ದ ಹಾಗೆಯೇ, ಕೆಳಗಿನ 'ನಮ್ಮ ಮುಖ್ಯ ಅಡುಗೆಯವರು' ಎಂಬ ಸಾಲಿನ ಸಮೇತ ಪ್ರಿಂಟ್ ತೆಗೆಸಿದರು. ಸೆಲ್ವಿಯ ಫೋನಿಗೂ ಕಳಿಸಿದರು.

ದೀಪಾವಳಿ ರಜೆಗೆ ಸೆಲ್ವಿ ನೆಲ್ಯಹುದಿಕೇರಿಯ ಚಿಕ್ಕಮ್ಮನ ಮನೆಗೆ ಬಂದಾಗ ಪ್ರಿಂಟ್ ಹಿಡಿದು ಹೋದರು. ಸೈಟಿನಿಂದ ಪುಟ ತೆಗೆಸಿದ್ದು ತಾನೇ ಎಂದೂ, ಏಕೆಂದೂ ಹೇಳಿದರು.

ಸೆಲ್ವಿ ಪ್ರಿಂಟಿನಲ್ಲಿದ್ದ ತಾಯಿಯ ಮುಖದಿಂದ ತಲೆಯೆತ್ತಿದಳು.

"ನಾನು ನೋಡ್ತಿದ್ದೀನಿ ಅಂತ ಗೊತ್ತಿದ್ದೂ ತೆಗೆಸಿದ್ರಾ ಅಕ್ಕಾ?"

"ಹೂಂ."

ಅವಳು ಪ್ರಿಂಟ್ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಚಿಕ್ಕಮ್ಮ ತಂದಿಟ್ಟ ಕಾಫಿ ಕುಡಿಯದೆ ವಿಶಾಲಾಕ್ಷಮ್ಮ ಎದ್ದರು.

ಆ ಪ್ರಿಂಟನ್ನು ಸೆಲ್ವಿಯ ವಕೀಲರು ಪರಿಹಾರದ ಕೇಸಿನಲ್ಲಿ ಕೋರ್ಟಿಗೆ ಕೊಟ್ಟ ವಾರವೇ ವಿಶಾಲಾಕ್ಷಮ್ಮನ ಕೆಲಸ ಹೋಯಿತು. ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ವಾಯಿದೆಗೂ ಅವರು ಸಾಕ್ಷಿ ಹೇಳಲು ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಸೆಲ್ವಿ ಬಂದರೆ ಇನ್ನೊಂದು ಬೆಂಚಿನಲ್ಲಿ ಕೂರುತ್ತಾಳೆ.