ಹುಸೇನ್ ಸಾಬರ ಬಲಗಣ್ಣು

ಹುಸೇನ್ ಸಾಬರು ಏನನ್ನೇ ನೋಡಲಿ, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲೇ ನೋಡುತ್ತಿದ್ದರು. ಗಾರೆ ಮೇಸ್ತ್ರಿ, ಗೋಡೆಯನ್ನು ಹಾಗೆ ನೋಡಲಿ ಬಿಡಿ. ಸಂತೆಯ ಕುಂಬಳಕಾಯಿಯನ್ನೂ ಹಾಗೇ ನೋಡಿದರೆ ಏನನ್ನೋಣ? ನಾನು ನ್ಯಾಮತಿ ಶಾಲೆಗೆ ವರ್ಗವಾಗಿ ಬಂದ ದಿನ ನನ್ನನ್ನೂ ಹಾಗೆ ನೋಡಿದರು. ಮುದುಕ ಕಣ್ಣು ಹೊಡೆಯುತ್ತಾನೆಂದು ನನಗೆ ಮೈಯೆಲ್ಲ ಉರಿಯಿತು. "ಏನ್ರೀ ಅದು?" ಎಂದು ಗದರಿದೆ.

"ತಪ್ಪು ತಿಳ್ಕಬ್ಯಾಡ್ರಿ ಅಕ್ಕೋರೆ, ನೆಟ್ಟಗೆ ಇದೀರೋ ಇಲ್ಲೋ ನೋಡಿದೆ," ಎಂದು ಬೀಡಿ ಕಚ್ಚಿಕೊಂಡೇ ನಕ್ಕರು. ಎಪ್ಪತ್ತರ ದಶಕದ ಕೊನೆಯ ಮಾತಿದು. ಆಗಲೇ ಅವರಿಗೆ ಅರವತ್ತು ದಾಟಿತ್ತು.

ಗೋಡೆ ನೆಟ್ಟಗಿದೆಯೇ ಎಂದು ತಿಳಿಯಲು ಉಳಿದ ಮೇಸ್ತ್ರಿಗಳು ಗುಂಡು ಕಟ್ಟಿದ ದಾರ ಇಳಿಬಿಡುತ್ತಾರೆ. ಸಾಬರಿಗೆ ಅದೆಂದರೆ ತಾತ್ಸಾರ. "ದಾರ ಗಾಳೀಗೆ ಅಳ್ಳಾಡತೈತ್ರಿ. ನನ್ನ ಕಣ್ಣು ಅಳ್ಳಾಡಲ್ಲ," ಅನ್ನುತ್ತಿದ್ದರು. ಆ ಕಣ್ಣನ್ನು ನಂಬಿ ಚನ್ನಗಿರಿಯಿಂದಲೂ ಜನ ಕರೆಯಲು ಬರುತ್ತಿದ್ದರು.

ಒಂದು ದಿನ ಶಾಲೆಯ ಕಟ್ಟೆಯ ಮೇಲೆ ಕೂತು, "ಬಲಗಣ್ಣಾಗೆ ನಡೂಕೆ ಮಸಿ ಹತ್ತಿದಂಗೆ ಐತ್ರಿ ಅಕ್ಕೋರೆ," ಎಂದರು. ನಾನೋ ದೊಡ್ಡ ಪಂಡಿತೆ! "ಪೊರೆ ಬಂದಿರಬೇಕು. ಹಣ್ಣಾಗಲಿ, ಆಮೇಲೆ ತೆಗೀತಾರೆ," ಎಂದುಬಿಟ್ಟೆ. ನಮ್ಮಜ್ಜಿಗೆ ಎಲ್ಲರೂ ಹಾಗೇ ಹೇಳಿದ್ದರು. ಓದಿದ ಅಕ್ಕೋರು ಹೇಳಿದ ಮೇಲೆ ಮುಗಿಯಿತೆಂದು ಅವರು ಪೊರೆ ಹಣ್ಣಾಗುವುದನ್ನು ಕಾಯುತ್ತ ಕೂತರು. ನನ್ನ ನಾಲಿಗೆ ಅವತ್ತೇ ಸೇದಿಹೋಗಬಾರದಿತ್ತೆ!

ಮರುವರ್ಷ ನಮ್ಮ ಶಾಲೆಗೆ ಹೊಸ ಕೋಣೆ ಕಟ್ಟಲು ಸಾಬರೇ ಬಂದರು. ಅಳಿಯ ರಫೀಕ್ ಒಂದು ಗೋಡೆಯನ್ನು ಕಿಟಕಿಯ ಮಟ್ಟಕ್ಕೆ ಏರಿಸಿದ್ದ. ಸಾಬರು ಎಡಗಣ್ಣು ಮುಚ್ಚಿ ನೋಡಿ, "ಹೊಟ್ಟೆ ಬಿಟ್ಟೈತೆ, ಕೆಡವು," ಎಂದರು. ಅವನು ಕೆಡವಿ ಕಟ್ಟಿದ. ಮತ್ತೆ "ಕೆಡವು" ಎಂದರು. ಮೂರನೆಯ ಸಲ ಬೈಯುತ್ತ ತಾವೇ ಕರಣೆ ಹಿಡಿದು ಕಟ್ಟಿದರು. ಸಂಜೆ ರಫೀಕ್ ನನ್ನ ಬಳಿ ಬಂದು ದನಿ ತಗ್ಗಿಸಿದ. "ಮಾವ ಕಟ್ಟಿದ್ದೇ ಹೊಟ್ಟೆ ಬಿಟ್ಟೈತ್ರಿ. ಹೇಳಾಕೆ ನಂಗೆ ಧೈರ್ಯ ಇಲ್ಲ."

ಮರುದಿನ ಸಾಬರ ಎದುರಿಗೇ ನಾನು ದಾರ ಇಳಿಬಿಡಿಸಿದೆ. ದಾರಕ್ಕೂ ಗೋಡೆಗೂ ನಡುವೆ ಸಾಬರ ಎರಡು ಬೆರಳು ಸಲೀಸಾಗಿ ಹೋದವು. ಆಗ ಅವರು ಎಡಗಣ್ಣು ತೆರೆದು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. "ಯಾ ಅಲ್ಲಾ," ಎಂದು ಮರಳ ಗುಡ್ಡೆಯ ಮೇಲೆ ಕೂತುಬಿಟ್ಟರು.

ದಾವಣಗೆರೆಯ ಕಣ್ಣಿನ ಡಾಕ್ಟರ ಬಳಿಗೆ ನಾನೇ ಕರೆದೊಯ್ದೆ. ಪೊರೆ ಅಲ್ಲವಂತೆ. ಕಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ ವಯಸ್ಸಿನಿಂದ ಆದ ಸವೆತವಂತೆ. ನೆಟ್ಟಗಿನ ಗೆರೆ ಬಾಗಿದಂತೆ ಕಾಣುವುದೇ ಅದರ ಗುರುತು. ಹೋದದ್ದು ಬರುವುದಿಲ್ಲ ಎಂದರು. "ಇನ್ನೊಂದು ಕಣ್ಣನ್ನಾದರೂ ಕಾಪಾಡಿಕೊಳ್ಳಿ. ಬೀಡಿ ಬಿಡಿ, ಸೊಪ್ಪು ತಿನ್ನಿ. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ಬಾಗಿದಂತೆ ಕಂಡರೆ ಅವತ್ತೇ ಬನ್ನಿ."

"ಯಾವಾಗ್ಲಿಂದ ಹಿಂಗಾಗೈತ್ರಿ?" ಎಂದು ಸಾಬರು ಕೇಳಿದರು.

"ಹೇಳೋಕಾಗಲ್ಲ. ವರ್ಷವೋ, ಎರಡು ವರ್ಷವೋ."

ಮರಳುವ ಬಸ್ಸಿನಲ್ಲಿ, ಹೊನ್ನಾಳಿಯ ಹೊಳೆ ಸೇತುವೆ ಬಂದಾಗ ಸಾಬರು ನನ್ನ ಕಡೆ ತಿರುಗಿದರು. "ಎರಡು ವರ್ಷದಾಗೆ ನಾನು ಕಟ್ಟಿದ ಗೋಡೆ ಎಷ್ಟು ಐದಾವು ಗೊತ್ತೇನ್ರಿ? ಒಳಗೆ ಜನ ಮಲಗ್ತಾರೆ."

ಮರುದಿನದಿಂದ ಮಾವ ಅಳಿಯ ದಾರ ಹಿಡಿದು ಊರೂರು ತಿರುಗಿದರು. ಕೆರೆಬಿಳಚಿಯದು ಸರಿಯಾಗಿತ್ತು. ನ್ಯಾಮತಿಯ ಒಂದು ಗೋಡೆಯನ್ನು ಕೆಡವಿ, ಕೂಲಿಯಿಲ್ಲದೆ ಕಟ್ಟಿಕೊಟ್ಟರು. ಸಾಸ್ವೆಹಳ್ಳಿಯ ಬಸಪ್ಪನ ಮನೆಯ ಎತ್ತರದ ಗೋಡೆ ಮಾತ್ರ ಚೆನ್ನಾಗಿಯೇ ಹೊಟ್ಟೆ ಬಿಟ್ಟಿತ್ತು. ಬಸಪ್ಪ ಒಪ್ಪಲಿಲ್ಲ. "ಮಗಳು ಹೆರಿಗೆಗೆ ಬಂದಾಳೆ. ಬಸುರಿ ಮನ್ಯಾಗಿರುವಾಗ ಗೋಡೆ ಕೆಡವಾಕೆ ಬರ್ತೀರೇನ್ರಿ?" ಎಂದು ರೇಗಿದ. ಹೆರಿಗೆಯಾದ ಮೇಲೆ ಹೋದರೆ, "ಎರಡು ಮಳೆಗಾಲ ತಡದೈತೆ. ಸೊಟ್ಟ ಆಗಿರೋದು ನಿಮ್ಮ ಕಣ್ಣು, ಸಾಬ್ರೆ," ಎಂದು ಬಾಗಿಲು ಹಾಕಿಕೊಂಡ.

ಸಾಬರು ಬೀಡಿ ಬಿಟ್ಟರು. ಪ್ರತಿ ಸೋಮವಾರ ನನ್ನ ತರಗತಿಯ ಕಿಟಕಿಯ ಮುಂದೆ ನಿಂತು, ಬಲಗಣ್ಣು ಮುಚ್ಚಿ, "ನೆಟ್ಟಗವೆ ಅಕ್ಕೋರೆ," ಎಂದು ಹೇಳಿ ಹೋಗುತ್ತಿದ್ದರು. ಎಂಟು ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಏನೂ ಹೇಳದೆ ಹೋದರು. ಅವತ್ತೇ ದಾವಣಗೆರೆಗೆ ಓಡಿದೆವು, ಪ್ರಯೋಜನವಾಗಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಸಾಸ್ವೆಹಳ್ಳಿಯಲ್ಲಿ. ಶಾಲೆಗೆ ಸೇರಿಸುವ ಮಕ್ಕಳ ಪಟ್ಟಿ ಮಾಡಲು ಹೋಗಿದ್ದೆ. ಜಡಿಮಳೆ. ಬಸಪ್ಪನ ಮನೆಯ ಹೊರಗೆ, ತಲೆಗೆ ಗೋಣಿಚೀಲ ಹೊದ್ದು, ಆ ಗೋಡೆಗೆ ಅಂಗೈ ಒತ್ತಿ ಸಾಬರು ಕೂತಿದ್ದರು. ನಾನು ಕೂಗಿದಾಗ ತಲೆ ಎತ್ತಿದರು.

"ಅಕ್ಕೋರಾ? ದನಿ ಗೊತ್ತಾತು. ಸೀರೆ ಅಂಚು ಕಾಣತೈತೆ, ಮುಖದ ಜಾಗದಾಗೆ ಬರೀ ಕಪ್ಪು."

"ಇಲ್ಲೇಕೆ ಕೂತಿದ್ದೀರಿ? ನಿಮ್ಮ ಮೇಲೇ ಬಿದ್ದರೆ?"

"ಬೀಳೋಕೆ ಮುಂಚೆ ಗೋಡೆ ಅದುರತೈತ್ರಿ, ಕೈಗೆ ಗೊತ್ತಾಗತೈತೆ. ಗೊತ್ತಾದ ಕೂಡ್ಲೆ ಕೂಗ್ತೀನಿ. ಒಳಗೆ ಕೂಸು ಐತೆ."

ನನಗೆ ಅಳು ತಡೆಯಲಾಗಲಿಲ್ಲ. ಎಳೆದರೂ ಏಳಲಿಲ್ಲ. ಮಳೆ ಬಿದ್ದ ದಿನವೆಲ್ಲ ಅಲ್ಲಿಗೇ ಬಂದು ಕೂರುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ಆ ಚಳಿಗಾಲದಲ್ಲಿ ಸಾಬರು ತೀರಿಕೊಂಡರು.

ಮರುವರ್ಷ ಮತ್ತೆ ಸಾಸ್ವೆಹಳ್ಳಿಗೆ ಹೋಗಿದ್ದೆ. ಬಸಪ್ಪ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದ. ಮೊಮ್ಮಗಳಿಗೆ ಆಗಲೇ ನಡಿಗೆ ಬಂದಿತ್ತು, ಆ ಗೋಡೆಯನ್ನೇ ಹಿಡಿದುಕೊಂಡು ಹೆಜ್ಜೆ ಹಾಕುತ್ತಿದ್ದಳು. ನಾನು ಹೊರಟಾಗ ಮಳೆ ಶುರುವಾಗಿತ್ತು. ಹೊರಗೆ ಯಾರೂ ಕೂತಿರಲಿಲ್ಲ.